ಟೊಮೆಟೊ ಎಲೆಯೊಳಗಿನ ಹುಳು



ಹೊಸೂರಿನ ಈ ತರಕಾರಿ ಪ್ರದರ್ಶನವನ್ನು ಉದ್ಘಾಟಿಸುವ ಗೌರವ ನನಗೆ ಕೊಟ್ಟಿದ್ದೀರಿ. ಒಳಗೆ ಜೋಡಿಸಿಟ್ಟ ಟೊಮೆಟೊ ಕಂಡು ಕಣ್ಣು ತುಂಬಿತು. ಆದರೆ ಮೊದಲು ಬಾಗಿಲ ಪಕ್ಕದ ಮೇಜಿನ ಮೇಲಿರುವ ಟೊಮೆಟೊ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ಮೇಲಿನ ಪೊರೆ, ಕೆಳಗಿನ ಪೊರೆ ಹಾಗೇ ಇವೆ. ನಡುವಿನ ಹಸಿರೆಲ್ಲ ಖಾಲಿ. ಬಿಳಿಚಿದ ಆ ಜಾಗದಲ್ಲಿ ಕಪ್ಪು ಹಿಕ್ಕೆ, ಅದರಾಚೆ ತಿಳಿಹಸಿರು ಹುಳು. ಇದೇ ಟೂಟಾ ಅಬ್ಸೊಲ್ಯೂಟಾ.

ಇದು ಬೆಳೆದು ಅಕ್ಕಿಕಾಳಿನಷ್ಟು ಬೂದು ಪತಂಗವಾಗುತ್ತದೆ. ಹಗಲೆಲ್ಲ ಎಲೆಯ ಮರೆಯಲ್ಲಿರುತ್ತದೆ. ಒಂದು ಹೆಣ್ಣು 250ರಷ್ಟು ಮೊಟ್ಟೆ ಇಡಬಲ್ಲದು. ಇದರ ತವರು ದಕ್ಷಿಣ ಅಮೆರಿಕ. 1917ರಲ್ಲಿ ಮೇರಿಕ್ ಎಂಬ ವಿಜ್ಞಾನಿ ಪೆರು ದೇಶದ ಪತಂಗ ನೋಡಿ ಹೆಸರಿಟ್ಟರು. 2006ರಲ್ಲಿ ಸ್ಪೇನ್‌ಗೆ, 2014ರಲ್ಲಿ ಮಹಾರಾಷ್ಟ್ರದ ಪುಣೆ ಭಾಗಕ್ಕೆ, ಆಮೇಲೆ ಕರ್ನಾಟಕ, ತಮಿಳುನಾಡಿಗೆ ಬಂತು. ಹಣ್ಣಿನ ಪೆಟ್ಟಿಗೆ, ಸಸಿಗಳ ಜೊತೆ ಇದನ್ನು ಊರಿಂದೂರಿಗೆ ಸಾಗಿಸುವವರು ನಾವೇ. ಕೋಲಾರದ ಮಂಡಿಗೂ ರಾಯಕೋಟೆ ಮಂಡಿಗೂ ಕ್ರೇಟು ಓಡಾಡುವ ಈ ಗಡಿಯಲ್ಲಿ ರಾಜ್ಯದ ಗೆರೆ ಇದಕ್ಕೆ ಲೆಕ್ಕಕ್ಕಿಲ್ಲ.

ನಾನು ಒತ್ತಿ ಹೇಳಬೇಕೆಂದಿರುವುದು ಇದರ ಮೇವಿನ ಸಂಗತಿ. ಟೊಮೆಟೊ ಎಂದರೆ ಬಲು ಇಷ್ಟ. ಆಲೂಗಡ್ಡೆ, ಬದನೆಯನ್ನೂ ಬಿಡದು. ಬೆಳೆ ಇಲ್ಲದ ದಿನಗಳಲ್ಲಿ ಬದುವಿನ ಗಣಿಕೆ ಸೊಪ್ಪು, ದತ್ತೂರಿ ಗಿಡಗಳಲ್ಲೇ ಜೀವ ಹಿಡಿದಿರುತ್ತದೆ. ಬೆಲೆ ಬಿದ್ದಾಗ ಗಿಡವನ್ನು ಹೊಲದಲ್ಲೇ ಬಿಡುತ್ತೇವೆ, ಹಣ್ಣನ್ನು ರಸ್ತೆಬದಿಗೆ ಸುರಿಯುತ್ತೇವೆ. ಕೊಯ್ದ ಕೂಲಿಯೂ ಹುಟ್ಟದ ಬೆಳೆಗೆ ಮತ್ತೆ ಕೂಲಿ ಹಾಕಿ ಕಿತ್ತು ಹೂಳಿ ಎಂದು ಹೇಳಲು ನನಗೂ ಬಾಯಿ ಬರುವುದಿಲ್ಲ. ಆದರೂ ಹೇಳುತ್ತೇನೆ, ಏಕೆಂದರೆ ಮುಂದಿನ ಬೆಳೆ ತಿನ್ನುವ ಹುಳು ಬೆಳೆಯುವುದು ಅಲ್ಲೇ. ಔಷಧಿ ಹೊಡೆದರೆ ಸಾಕಲ್ಲವೇ ಎನ್ನಬಹುದು. ಆದರೆ ಪೊರೆಯ ನಡುವೆ ಕುಳಿತ ಹುಳುವಿಗೆ ಔಷಧಿ ಸರಿಯಾಗಿ ತಗಲುವುದಿಲ್ಲ. ಒಂದೇ ಔಷಧಿಯನ್ನು ಮತ್ತೆಮತ್ತೆ ಹೊಡೆದರೆ ಕೊನೆಗೆ ಹುಳು ಜಗ್ಗುವುದೂ ಇಲ್ಲ. ಬೇರೆ ದೇಶಗಳಲ್ಲಿ ಹೀಗಾಗಿದೆ.

ಆದ್ದರಿಂದ ನನ್ನ ವಿನಂತಿ ಇಷ್ಟು. ಸಸಿ ತರುವಾಗ ಎಲೆ ತಿರುವಿ ನೋಡಿ. ನಾಟಿ ಮಾಡಿದ ಕೂಡಲೇ ವಾಸನೆಯಿಂದ ಪತಂಗ ಸೆಳೆಯುವ ಮೋಹಕ ಬಲೆ ಕಟ್ಟಿ, ಬಿದ್ದ ಪತಂಗ ಎಣಿಸಿ. ಹುಳು ಕೊರೆದ ಎಲೆ, ಕಾಯಿ ಕಿತ್ತು ಹೂಳಿ, ಬದು ಚೊಕ್ಕಟವಿಡಿ. ಒಬ್ಬರೇ ಮಾಡಿದರೆ ಪಕ್ಕದ ಹೊಲದಿಂದ ಮತ್ತೆ ಬರುತ್ತದೆ, ಊರಿನವರೆಲ್ಲ ಒಟ್ಟಿಗೆ ಮಾಡಿ. ಬಲೆ ಕಟ್ಟುವ ಬಗೆಯನ್ನು ಒಳಗೆ ತೋರಿಸುತ್ತಾರೆ, ನೋಡದೆ ಯಾರೂ ಹೋಗಬೇಡಿ.