ಪಾರಿವಾಳಕ್ಕೆ ನಮ್ಮ ಬಾಲ್ಕನಿಯೇ ಏಕೆ ಬೇಕು?



ಹಡಪಸರದ ಹತ್ತಿರದ ಮಗರಪಟ್ಟಾದಲ್ಲಿ ಇರುವ ಕನ್ನಡಿಗರಿಗೆ ಬೆಳಗಿನ ಅಲಾರಂ ಬೇಕಾಗಿಯೇ ಇಲ್ಲ. ಬಾಲ್ಕನಿಯಲ್ಲಿ 'ಗುಟುರ್ ಗೂ' ಶುರುವಾದರೆ ಬೆಳಗಾಯಿತೆಂದೇ ಅರ್ಥ. ಓಡಿಸಿದರೆ ಎದುರು ಕಟ್ಟಡಕ್ಕೆ ಹೋಗಿ ಕೂತು, ನೀವು ಒಳಗೆ ಹೋದೊಡನೆ ವಾಪಸು ಬರುತ್ತದೆ. ಊರೆಲ್ಲ ಬಿಟ್ಟು ಇದಕ್ಕೆ ನಮ್ಮ ಮನೆಯೇ ಏಕೆ ಬೇಕು?

ಉತ್ತರ ಇರುವುದು ಪಾರಿವಾಳದ ಹಿರೀಕರಲ್ಲಿ. ನಗರದ ಪಾರಿವಾಳಗಳೆಲ್ಲ ಬಂಡೆ ಪಾರಿವಾಳದ ಸಂತತಿ. ಅದು ಮರದ ಹಕ್ಕಿಯಲ್ಲ, ಕಡಿದಾದ ಬಂಡೆಯ ಹಕ್ಕಿ. ಜೋಗದ ಗುಂಡಿಯ ಗೋಡೆಗಳಲ್ಲಿ, ಬಾದಾಮಿಯ ಕೆಂಪು ಬಂಡೆಗಳ ಸಂದಿಯಲ್ಲಿ ಇಂದಿಗೂ ಅದನ್ನು ಕಾಣಬಹುದು. ಅಲ್ಲಿ ಅದು ಹುಡುಕುವುದು ನಾಲ್ಕೇ ಸಂಗತಿ: ಕೂರಲು ಸಮತಟ್ಟಾದ ಜಾಗ, ಮೇಲೊಂದು ಮರೆ, ಬೆಕ್ಕು ಹತ್ತಲಾಗದ ಎತ್ತರ, ಹತ್ತಿರದಲ್ಲಿ ಕಾಳು-ನೀರು.

ಈಗ ಮಗರಪಟ್ಟಾವನ್ನು ಅದರ ಕಣ್ಣಿನಿಂದ ನೋಡಿ. ಇದು ಮೊದಲು ಕಬ್ಬಿನ ಹೊಲಗಳಿದ್ದ ಜಾಗ. ಸುಮಾರು 120 ರೈತ ಕುಟುಂಬಗಳು 400 ಎಕರೆಯಷ್ಟು ಭೂಮಿಯನ್ನು ಒಟ್ಟುಗೂಡಿಸಿ ಕಟ್ಟಿದ ನಗರ. ಹೊಲ ಹೋಗಿ ಬಹುಮಹಡಿ ಕಟ್ಟಡಗಳು ಬಂದವು. ನಮಗೆ ಅದು ಫ್ಲಾಟು, ಪಾರಿವಾಳಕ್ಕೆ ಕಡಿದಾದ ಬಂಡೆ. ಕಿಟಕಿಯ ಮೇಲಿನ ಸಜ್ಜಾ, ಬಾತ್‌ರೂಮಿನ ಹಿಂದಿನ ಡಕ್ಟು, ಏ.ಸಿ. ಯಂತ್ರದ ಹಿಂಬದಿ, ಖಾಲಿ ಹೂಕುಂಡ - ಎಲ್ಲವೂ ಬಂಡೆಯ ಸಂದಿಗಳೇ. ನುಣುಪಾದ ಗಾಜಿನ ಗೋಡೆಯಲ್ಲಿ ಅದಕ್ಕೆ ಕೆಲಸವಿಲ್ಲ. ಅಂಗೈಯಗಲದ ಅಂಚು ಸಿಕ್ಕರೆ ಸಾಕು.

ಗೂಡೆಂದರೂ ದೊಡ್ಡ ಕಟ್ಟಡವೇನಲ್ಲ. ಗಂಡು ಒಂದೊಂದೇ ಕಡ್ಡಿ ತಂದುಕೊಡುತ್ತದೆ, ಹೆಣ್ಣು ಕೂತಲ್ಲೇ ಜೋಡಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಎರಡು ಬಿಳಿ ಮೊಟ್ಟೆ. ಹಗಲು ಹೆಚ್ಚಾಗಿ ಅಪ್ಪನ ಪಾಳಿ, ರಾತ್ರಿ ಅಮ್ಮನ ಪಾಳಿ. ಸುಮಾರು 18 ದಿನಕ್ಕೆ ಮರಿ ಹೊರಬರುತ್ತದೆ. ಆಮೇಲೆ ನಾಲ್ಕೈದು ವಾರದಲ್ಲಿ ಹಾರಿಹೋಗುತ್ತದೆ.

ಗುಬ್ಬಿ ಸೋತಲ್ಲಿ ಪಾರಿವಾಳ ಗೆದ್ದದ್ದು ಹೇಗೆ ಎಂದು ನೀವು ಕೇಳಬಹುದು. ಗುಬ್ಬಿಗೆ ಗೂಡಿಗೊಂದು ತೂತು ಬೇಕು, ಮರಿಗೆ ಹುಳು-ಹುಪ್ಪಡಿ ಬೇಕು. ಹೊಸ ಕಟ್ಟಡಗಳಲ್ಲಿ ಎರಡೂ ಕಡಿಮೆ. ಪಾರಿವಾಳವಾದರೋ ತನ್ನ ಗಂಟಲಚೀಲದಲ್ಲೇ ಹಾಲಿನಂಥ ಆಹಾರ ತಯಾರಿಸಿ ಮರಿಗೆ ಉಣಿಸುತ್ತದೆ. ಇದನ್ನು ತಾಯಿಯಷ್ಟೇ ತಂದೆಯೂ ಮಾಡುತ್ತದೆ! ಹೀಗಾಗಿ ತಾನು ತಿನ್ನಲು ಕಾಳು ಸಿಕ್ಕರೆ ವರ್ಷದ ಯಾವ ತಿಂಗಳಾದರೂ ಸಂಸಾರ ಹೂಡಬಲ್ಲದು. ಆ ಕಾಳನ್ನು ಕೊಡುವವರು ನಾವೇ.

ಇಲ್ಲಿಯೇ ವಿಷಯ ಸೂಕ್ಷ್ಮವಾಗುತ್ತದೆ. ಹಕ್ಕಿಗೆ ಕಾಳು ಹಾಕುವುದು ಪುಣ್ಯ ಎಂದು ನಂಬಿದ ಹಿರಿಯರು ಅನೇಕರ ಮನೆಯಲ್ಲಿದ್ದಾರೆ. ಆದರೆ ಒಣಗಿದ ಹಿಕ್ಕೆಯ ಮತ್ತು ಗರಿಯ ಧೂಳನ್ನು ಬಹಳ ಕಾಲ ಉಸಿರಾಡಿದರೆ ಕೆಲವರ ಶ್ವಾಸಕೋಶ ಊದಿಕೊಳ್ಳುತ್ತದೆ. ಅದು ಮುಂದುವರಿದರೆ ಶ್ವಾಸಕೋಶದ ಗಾಯ ಕಲೆಯಾಗಿ ಉಳಿದುಬಿಡುತ್ತದೆ, ಮತ್ತೆ ಸರಿಹೋಗುವುದಿಲ್ಲ. 2025ರಲ್ಲಿ ಮುಂಬಯಿಯ ಕಬೂತರ್‌ಖಾನೆಗಳ ವಿವಾದ ಹೈಕೋರ್ಟಿನ ಮೆಟ್ಟಿಲೇರಿದ್ದು, ದಾದರಿನಲ್ಲಿ ತಾಡಪಾಲು ಹೊದಿಸಿದ್ದು ಇದೇ ಕಾರಣಕ್ಕೆ. ಒಂದು ಕಡೆ ಶ್ರದ್ಧೆ, ಇನ್ನೊಂದು ಕಡೆ ಉಸಿರು. ಮನೆಯಲ್ಲಿ ಅಜ್ಜಿಗೆ ಒಣಕೆಮ್ಮು, ಏದುಸಿರು ಬಿಡದೆ ಕಾಡುತ್ತಿದ್ದರೆ ವೈದ್ಯರಿಗೆ ಪಾರಿವಾಳದ ವಿಷಯವನ್ನೂ ತಪ್ಪದೆ ಹೇಳಿ.

ಹಾಗಾದರೆ ಏನು ಮಾಡೋಣ? ಕಡ್ಡಿ ಬೀಳುತ್ತಿರುವಾಗಲೇ ತೆಗೆದುಬಿಡಿ. ಅದು ಗೂಡಲ್ಲ, ವಿಚಾರಣೆ ಮಾತ್ರ. ಮೊಟ್ಟೆ ಇಟ್ಟಾಗಿದ್ದರೆ ಎಸೆಯಬೇಡಿ, ಒಂದೂವರೆ ಎರಡು ತಿಂಗಳು ತಾಳಿಕೊಳ್ಳಿ. ಮರಿ ಹಾರಿದ ಕೂಡಲೇ ಜಾಗ ಮುಚ್ಚಿ. ತಡಮಾಡಿದರೆ ಅದೇ ಜೋಡಿ ಮತ್ತೆ ಮೊಟ್ಟೆ ಇಡುತ್ತದೆ. ಹಿಕ್ಕೆಯನ್ನು ಒಣದಾಗಿ ಗುಡಿಸಬೇಡಿ. ಮೂಗು-ಬಾಯಿಗೆ ಮಾಸ್ಕ್ ಹಾಕಿ, ನೀರು ಚಿಮುಕಿಸಿ ಒರೆಸಿ. ಬಲೆ ಕಟ್ಟಿಸುವಾಗ ಒಳಗೆ ಹಕ್ಕಿಯೋ ಮರಿಯೋ ಉಳಿದಿದೆಯೇ ಎಂದು ನೀವೇ ಕಣ್ಣಾರೆ ನೋಡಿ. ಬಲೆ ಬಿಗಿಯಾಗಿರಲಿ. ಜೋಲುವ ಬಲೆಯಲ್ಲಿ ಕಾಲು ಸಿಕ್ಕಿದ ಹಕ್ಕಿ ನರಳಿ ಸಾಯುತ್ತದೆ.

ಒಂದು ಮನೆಯವರು ಬಲೆ ಕಟ್ಟಿ, ಪಕ್ಕದವರು ಕಾಳು ಚೆಲ್ಲಿದರೆ ಪಾರಿವಾಳ ಒಂದು ಬಾಲ್ಕನಿ ಬದಲಿಸುತ್ತದೆ ಅಷ್ಟೆ. ಆದ್ದರಿಂದ ಸೊಸೈಟಿಯ ಮುಂದಿನ ಸಭೆಯಲ್ಲಿ ಲಿಫ್ಟು, ಪಾರ್ಕಿಂಗ್ ಮಾತಿನ ಜೊತೆ ಡಕ್ಟುಗಳ ಮಾತನ್ನೂ ಎತ್ತಿ. ಕಾಳು ಹಾಕುವ ಅಜ್ಜನನ್ನು ಗದರಬೇಡಿ, ಪಕ್ಕದಲ್ಲಿ ಕೂತು ವಿವರಿಸಿ. ಅವರ ಕೈಗೆ ಗಿಡಕ್ಕೆ ನೀರು ಹಾಕುವ ಕೆಲಸ ಕೊಡಿ. ಹೂವು ಬಿಟ್ಟರೆ ಸೂರಕ್ಕಿ ಬರುತ್ತದೆ, ಪುಣ್ಯಕ್ಕೂ ಕೊರತೆಯಾಗುವುದಿಲ್ಲ.