ಕೊನೆಯ ಕೀಮೋ ಮುಗಿದ ಮೇಲಿನ ಐದು ವರ್ಷ



 ಹೊಸ ಔಷಧಗಳ ವಿಚಾರ ಈ ಸಮಾವೇಶದ ಮುಂದಿನ ಗೋಷ್ಠಿಗಳಲ್ಲಿ ಬರುತ್ತದೆ, ನನಗಿಂತ ಚೆನ್ನಾಗಿ ಬಲ್ಲವರು ಅದನ್ನು ಹೇಳುತ್ತಾರೆ. ನಾನು ಒಂದೇ ಪ್ರಶ್ನೆ ಎತ್ತಿಕೊಳ್ಳುತ್ತೇನೆ. ದೊಡ್ಡ ಕರುಳಿನ ಕ್ಯಾನ್ಸರಿಗೆ ಆಪರೇಷನ್ ಆಗಿ, ಕೀಮೋದ ಕೊನೆಯ ಸೈಕಲ್ ಮುಗಿದು ಮನೆಗೆ ಹೊರಟ ಮನುಷ್ಯನ ಕೈಯಲ್ಲಿ ಏನಿರಬೇಕು?

ಈಗ ಇರುವುದು ಒಂದು ದಪ್ಪ ಫೈಲು. ಅದರ ಕೊನೆಯ ಹಾಳೆಯ ತಳದಲ್ಲಿ ‘ಮೂರು ತಿಂಗಳ ನಂತರ ರಿವ್ಯೂ’ ಎಂಬ ಒಂದು ಸಾಲು. ಅಷ್ಟು ದಿನ ಎರಡು ಮೂರು ವಾರಕ್ಕೊಮ್ಮೆ ರಕ್ತ ಪರೀಕ್ಷೆ, ಡ್ರಿಪ್, ನರ್ಸಿನ ಫೋನು ಎಂದು ಇದ್ದವರಿಗೆ ಇದ್ದಕ್ಕಿದ್ದಂತೆ ಯಾರೂ ಇಲ್ಲವಾಗುತ್ತಾರೆ. ಊರಿನ ಡಾಕ್ಟರು ‘ಅದು ಕ್ಯಾನ್ಸರ್ ಆಸ್ಪತ್ರೆಯವರ ಕೆಲಸ’ ಎನ್ನುತ್ತಾರೆ. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಸರದಿ ಉದ್ದ, ಅಲ್ಲಿ ಚಿಕಿತ್ಸೆ ನಡೆಯುತ್ತಿರುವವರಿಗೇ ಮೊದಲ ಗಮನ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2005ರಲ್ಲೇ ಇದನ್ನು ಗುರುತಿಸಿ, ಚಿಕಿತ್ಸೆ ಮುಗಿಸಿದ ಪ್ರತಿಯೊಬ್ಬರಿಗೂ ಲಿಖಿತ ಆರೈಕೆ ಯೋಜನೆ ಕೊಡಬೇಕೆಂದು ಹೇಳಿತು. ನಮ್ಮಲ್ಲಿ ಆ ಹಾಳೆ ಇನ್ನೂ ಬರಬೇಕಾಗಿದೆ, ಅದೂ ಕನ್ನಡದಲ್ಲಿ.

ನಾನು ಹೇಳುತ್ತಿರುವುದು ಎರಡನೆಯ ಮತ್ತು ಮೂರನೆಯ ಹಂತದವರ ವಿಷಯ. ಗಡ್ಡೆಯನ್ನು ಪೂರ್ತಿ ತೆಗೆದಾಗಿದೆ, ಕಣ್ಣಿಗೆ ಕಾಣದೆ ಉಳಿದಿರಬಹುದಾದ ಜೀವಕೋಶಗಳಿಗೆಂದು ಮೂರು ಅಥವಾ ಆರು ತಿಂಗಳು ಕೀಮೋ ಕೊಟ್ಟಾಗಿದೆ. ಇವರಲ್ಲಿ ಬಹಳ ಮಂದಿಗೆ ರೋಗ ಮತ್ತೆ ಬರುವುದಿಲ್ಲ. ಬರುವವರಲ್ಲಿ ಹೆಚ್ಚಿನವರಿಗೆ ಮೊದಲ ಎರಡು ಮೂರು ವರ್ಷದೊಳಗೆ ಬರುತ್ತದೆ, ಐದು ವರ್ಷ ಕಳೆದ ಮೇಲೆ ಬರುವುದು ಅಪರೂಪ. ಬಂದರೆ ಹೆಚ್ಚಾಗಿ ಪಿತ್ತಜನಕಾಂಗಕ್ಕೆ ಇಲ್ಲವೇ ಶ್ವಾಸಕೋಶಕ್ಕೆ. ಅಲ್ಲಿ ಒಂದೆರಡು ಗಂಟುಗಳಷ್ಟೇ ಇರುವಾಗ ಸಿಕ್ಕಿದರೆ ಆಪರೇಷನ್ ಮಾಡಿ ತೆಗೆಯಬಹುದು, ಹಾಗೆ ತೆಗೆಸಿಕೊಂಡು ಪೂರ್ತಿ ಗುಣವಾದವರಿದ್ದಾರೆ. ಫಾಲೋ-ಅಪ್‌ಗೆ ಅರ್ಥ ಬರುವುದೇ ಈ ಕಾರಣಕ್ಕೆ.

ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಸಣ್ಣಪುಟ್ಟ ವ್ಯತ್ಯಾಸದೊಂದಿಗೆ ಹೇಳುವುದು ಒಂದೇ. ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ವೈದ್ಯರ ತಪಾಸಣೆ ಮತ್ತು ಸಿಇಎ ಎಂಬ ಪ್ರೋಟೀನನ್ನು ಅಳೆಯುವ ರಕ್ತ ಪರೀಕ್ಷೆ, ಆಮೇಲೆ ಐದು ವರ್ಷದ ತನಕ ಆರು ತಿಂಗಳಿಗೊಮ್ಮೆ. ಎದೆ ಮತ್ತು ಹೊಟ್ಟೆಯ ಸಿಟಿ ಸ್ಕ್ಯಾನ್ ಮೊದಲ ಮೂರು ವರ್ಷ ವರ್ಷಕ್ಕೊಮ್ಮೆಯಾದರೂ ಆಗಬೇಕು, ಅಪಾಯ ಹೆಚ್ಚಿರುವವರಿಗೆ ಇನ್ನೂ ಬೇಗ ಬೇಗ. ಕೊಲೊನೋಸ್ಕೋಪಿ ಆಪರೇಷನ್ ಆದ ಒಂದು ವರ್ಷಕ್ಕೆ, ಅದು ಸರಿಯಿದ್ದರೆ ಅಲ್ಲಿಂದ ಮೂರು ವರ್ಷಕ್ಕೆ, ಮತ್ತೆ ಐದು ವರ್ಷಕ್ಕೊಮ್ಮೆ. ಗಡ್ಡೆ ಅಡ್ಡವಾಗಿ ಕರುಳು ಕಟ್ಟಿಕೊಂಡು ತುರ್ತಾಗಿ ಆಪರೇಷನ್ ಆದವರ ಮಾತು ಬೇರೆ. ಅವರ ಕರುಳಿನ ಮೇಲ್ಭಾಗವನ್ನು ಆಗ ಯಾರೂ ನೋಡಿರುವುದಿಲ್ಲ. ಆ ಪರೀಕ್ಷೆಯನ್ನು ವರ್ಷದವರೆಗೆ ತಳ್ಳಬಾರದು, ಮೂರರಿಂದ ಆರು ತಿಂಗಳೊಳಗೆ ಮಾಡಬೇಕು. ನಮ್ಮ ಜಿಲ್ಲೆಗಳಿಂದ ಬರುವವರಲ್ಲಿ ಇಂಥವರು ಬಹಳ. ಇವರಿಗೇ ಈ ಪರೀಕ್ಷೆ ತಪ್ಪಿಹೋಗುತ್ತದೆ, ಏಕೆಂದರೆ ಅದನ್ನು ನೆನಪಿಸುವುದು ಸರ್ಜನ್ನರ ಕೆಲಸವೋ ಕೀಮೋ ಕೊಟ್ಟವರ ಕೆಲಸವೋ ಎಂಬುದು ಎಲ್ಲೂ ಬರೆದಿಲ್ಲ.

ಹಾಗಾದರೆ ಪರೀಕ್ಷೆ ಹೆಚ್ಚಿಸಿದಷ್ಟೂ ಒಳ್ಳೆಯದೇ? ಅನುಕೂಲಸ್ಥ ಮನೆಯವರು ನಮ್ಮನ್ನು ಕೇಳುವುದು ಇದನ್ನೇ: ‘ಡಾಕ್ಟರೇ, ಖರ್ಚಿನ ಚಿಂತೆ ಬೇಡ, ಮೂರು ತಿಂಗಳಿಗೊಂದು ಪೆಟ್ ಸ್ಕ್ಯಾನ್ ಮಾಡಿಬಿಡಿ.’ ಬ್ರಿಟನ್ನಿನಲ್ಲಿ 1202 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಫ್ಯಾಕ್ಸ್ ಅಧ್ಯಯನ ಈ ಪ್ರಶ್ನೆಯನ್ನೇ ಎತ್ತಿಕೊಂಡಿತ್ತು. ನಿಯಮಿತವಾಗಿ ಸಿಇಎ ಅಥವಾ ಸಿಟಿ ಮಾಡಿಸಿಕೊಂಡವರಲ್ಲಿ, ಗುಣಪಡಿಸುವ ಆಶಯದ ಆಪರೇಷನ್‌ಗೆ ಅವಕಾಶ ಸಿಕ್ಕವರ ಪ್ರಮಾಣ ಹೆಚ್ಚಿತು. ಎರಡನ್ನೂ ಒಟ್ಟಿಗೆ ಮಾಡಿದ್ದರಿಂದ ಹೆಚ್ಚುವರಿ ಲಾಭ ಕಾಣಲಿಲ್ಲ. ಒಟ್ಟು ಬದುಕುಳಿದವರ ಸಂಖ್ಯೆಯಲ್ಲೂ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಸ್ವೀಡನ್, ಡೆನ್ಮಾರ್ಕ್, ಉರುಗ್ವೆಗಳ 2509 ರೋಗಿಗಳ ಕೊಲೊಫಾಲ್ ಅಧ್ಯಯನ 2018ರಲ್ಲಿ ಬಂತು. ಮೂರು ವರ್ಷದಲ್ಲಿ ಐದು ಬಾರಿ ಸಿಟಿ ಮತ್ತು ಸಿಇಎ ಮಾಡಿಸಿಕೊಂಡವರಿಗೂ ಎರಡೇ ಬಾರಿ ಮಾಡಿಸಿಕೊಂಡವರಿಗೂ ಐದು ವರ್ಷದ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ವಾಡಿಕೆಯ ಫಾಲೋ-ಅಪ್‌ಗೆ ಪೆಟ್ ಸ್ಕ್ಯಾನ್ ಬೇಡವೆಂದು ಮಾರ್ಗಸೂಚಿಗಳೇ ಹೇಳುತ್ತವೆ.

ಇದರಿಂದ ಪರೀಕ್ಷೆಗಳೇ ಬೇಡ ಎಂಬ ತೀರ್ಮಾನಕ್ಕೆ ಬರುವುದು ತಪ್ಪು. ನಾನು ತಿಳಿದುಕೊಂಡದ್ದು ಬೇರೆ. ಸಿಂಧನೂರಿನ ಕೂಲಿಕಾರನೊಬ್ಬ ಎರಡು ದಿನದ ಸಂಬಳ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು, ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬಂದು ಹೋಗುವ ವೇಳಾಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಎಂದು ಬರೆದರೆ, ಎರಡನೆಯ ಭೇಟಿಯ ನಂತರ ಅವನು ಬರುವುದಿಲ್ಲ. ಅವನು ಐದು ವರ್ಷವೂ ತಪ್ಪದೆ ಪಾಲಿಸಬಲ್ಲ ಸರಳ ಯೋಜನೆಯೇ ಅವನಿಗೆ ಉತ್ತಮ ಯೋಜನೆ. ತೂಕ, ಹೊಟ್ಟೆಯ ತಪಾಸಣೆ, ಸಿಇಎ ಇವೆಲ್ಲ ತಾಲ್ಲೂಕಿನಲ್ಲೋ ಜಿಲ್ಲಾ ಕೇಂದ್ರದಲ್ಲೋ ಆಗಲಿ. ಸ್ಕ್ಯಾನ್ ಮತ್ತು ಕೊಲೊನೋಸ್ಕೋಪಿಗೆ ಮಾತ್ರ ದೊಡ್ಡ ಆಸ್ಪತ್ರೆಗೆ ಬರಲಿ. ಕಿದ್ವಾಯಿ ಸಂಸ್ಥೆಗೆ ಕಲಬುರಗಿಯಲ್ಲಿ ಪ್ರಾದೇಶಿಕ ಕೇಂದ್ರವಿದೆ, ಹುಬ್ಬಳ್ಳಿಯಲ್ಲಿ ಕ್ಯಾನ್ಸರ್ ಸಂಸ್ಥೆಯಿದೆ. ಹತ್ತಿರದ್ದು ಯಾವುದೋ ಅದರ ಹೆಸರು ಹಾಳೆಯಲ್ಲಿರಬೇಕು. ಕ್ಯಾನ್ಸರ್ ರೋಗಿಗಳಿಗೆ ರೈಲ್ವೆ ಕೊಡುವ ರಿಯಾಯಿತಿ ಚಿಕಿತ್ಸೆಗೆ ಮಾತ್ರವಲ್ಲ, ನಿಯತ ತಪಾಸಣೆಯ ಪ್ರಯಾಣಕ್ಕೂ ಉಂಟು. ಕೀಮೋ ಮುಗಿದರೆ ಅದೂ ಮುಗಿಯಿತೆಂದು ಅನೇಕರು ತಿಳಿದಿದ್ದಾರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಯಾವ ಪರೀಕ್ಷೆ ಸೇರಿದೆ, ಯಾವುದಕ್ಕೆ ಕೈಯಿಂದ ಹಾಕಬೇಕು ಎಂಬುದನ್ನು ಆರೋಗ್ಯಮಿತ್ರರಲ್ಲಿ ಕೇಳಿ ಮೊದಲೇ ಬರೆದುಕೊಡುವುದು ನಮ್ಮ ಕೆಲಸ.

ಸಿಇಎ ಬಗ್ಗೆ ತಾಲ್ಲೂಕಿನ ವೈದ್ಯರಿಗೆ ಎರಡು ಮಾತು. ಮಾಂಟ್ರಿಯಲ್‌ನ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ 1965ರಲ್ಲಿ ಗುರುತಿಸಿದ ಈ ಪ್ರೋಟೀನು ಬೀಡಿ ಸಿಗರೇಟು ಸೇದುವವರಲ್ಲೂ ಲಿವರ್ ತೊಂದರೆಯಿರುವವರಲ್ಲೂ ಏರಬಹುದು. ಕೀಮೋ ನಡೆಯುವಾಗಲೂ ಕೆಲವರಲ್ಲಿ ತಾತ್ಕಾಲಿಕವಾಗಿ ಏರುತ್ತದೆ. ಒಂದು ಸಲ ಹೆಚ್ಚು ಬಂದರೆ ಕೆಲವು ವಾರ ಬಿಟ್ಟು ಮತ್ತೊಮ್ಮೆ ಮಾಡಿ ನೋಡಿ. ಎರಡನೆಯ ಸಲವೂ ಏರಿದ್ದರೆ ತಡಮಾಡದೆ ಸ್ಕ್ಯಾನ್‌ಗೆ ಕಳುಹಿಸಿ. ಒಂದೇ ಲ್ಯಾಬಿನಲ್ಲಿ ಮಾಡಿಸಿ, ಒಂದೊಂದು ಲ್ಯಾಬಿನ ವಿಧಾನ ಒಂದೊಂದು ಅಂಕಿ ಕೊಡುತ್ತದೆ. ರೋಗ ಮರಳಿದ ಎಲ್ಲರಲ್ಲೂ ಸಿಇಎ ಏರುವುದಿಲ್ಲ ಎಂಬುದನ್ನೂ ಮರೆಯಬೇಡಿ. ಅಂಕಿ ಸರಿಯಿದ್ದರೂ ತೂಕ ಇಳಿಯುತ್ತಿದ್ದರೆ, ಒಂದೇ ಕಡೆ ನೋವು ವಾರಗಟ್ಟಲೆ ಇದ್ದರೆ, ಮಲದಲ್ಲಿ ರಕ್ತ ಕಂಡರೆ ರೋಗಿಯ ಮಾತನ್ನೇ ನಂಬಿ. ಮೂಲವ್ಯಾಧಿ ಎಂದು ಮುಲಾಮು ಕೊಟ್ಟು ಕಳುಹಿಸಬೇಡಿ. ಇವರಲ್ಲಿ ಅನೇಕರ ಕಥೆ ಆ ಮುಲಾಮಿನಿಂದಲೇ ಶುರುವಾಗಿತ್ತು.

ಈಗ ನನ್ನನ್ನು ಹೆಚ್ಚು ಕಾಡುವ ವಿಷಯಕ್ಕೆ ಬರುತ್ತೇನೆ. ರೋಗ ಮರಳುವುದನ್ನು ಕಾಯುವುದರಲ್ಲೇ ನಮ್ಮ ಗಮನವೆಲ್ಲ ಹೋಗುತ್ತದೆ. ಆಕ್ಸಾಲಿಪ್ಲಾಟಿನ್ ತೆಗೆದುಕೊಂಡವರ ಕೈಕಾಲಿನ ಜೋಮನ್ನು ಯಾರು ಕೇಳುತ್ತಾರೆ? ಈ ಔಷಧಕ್ಕೆ ಒಂದು ವಿಚಿತ್ರ ಗುಣವಿದೆ. ನಿಲ್ಲಿಸಿದ ಮೇಲೂ ಎರಡು ಮೂರು ತಿಂಗಳು ಜೋಮು ಹೆಚ್ಚುತ್ತಾ ಹೋಗಬಹುದು. ಇದನ್ನು ಮೊದಲೇ ಹೇಳದಿದ್ದರೆ ರೋಗ ನರಕ್ಕೆ ಹಬ್ಬಿತೆಂದು ಮನೆಮಂದಿ ಹೆದರುತ್ತಾರೆ. ಬಹುಮಂದಿಗೆ ತಿಂಗಳುಗಳು ಕಳೆದಂತೆ ಕಡಿಮೆಯಾಗುತ್ತದೆ, ಕೆಲವರಿಗೆ ವರ್ಷಗಳು ಉಳಿದುಬಿಡುತ್ತದೆ. ಹೂ ಕಟ್ಟುವವಳಿಗೆ ದಾರದ ಗಂಟು ಬೆರಳಿಗೆ ತಿಳಿಯುವುದಿಲ್ಲ. ಊದುಬತ್ತಿ ಹೊಸೆಯುವವಳ, ಟೈಲರನ, ಅಡಿಕೆ ಸುಲಿಯುವವರ ಅನ್ನವೇ ಬೆರಳ ತುದಿಯಲ್ಲಿದೆ. ಗದ್ದೆಯಲ್ಲಿ ಬರಿಗಾಲಲ್ಲಿ ನಡೆದವನಿಗೆ ಮುಳ್ಳು ಚುಚ್ಚಿದ್ದು ಸಂಜೆ ರಕ್ತ ನೋಡಿದಾಗ ಗೊತ್ತಾಗುತ್ತದೆ, ಸಕ್ಕರೆ ಕಾಯಿಲೆಯೂ ಇದ್ದರೆ ಆ ಗಾಯ ಬೇಗ ಮಾಯುವುದಿಲ್ಲ. ನೋವಿರುವ ಜೋಮಿಗೆ ಅಧ್ಯಯನದಲ್ಲಿ ಉಪಯೋಗ ಕಂಡದ್ದು ಡುಲೊಕ್ಸೆಟಿನ್ ಎಂಬ ಮಾತ್ರೆಗೆ. ಎಲ್ಲ ಚೀಟಿಗಳಲ್ಲೂ ಬರೆಯುವ ವಿಟಮಿನ್ ಕ್ಯಾಪ್ಸೂಲಿಗೆ ಅಂಥ ಪುರಾವೆ ಇಲ್ಲ, ನಿಜವಾಗಿ ಕೊರತೆ ಇದ್ದವರಿಗೆ ಮಾತ್ರ ಅದು ಬೇಕು. ಗಟ್ಟಿ ಚಪ್ಪಲಿ, ರಾತ್ರಿ ಪಾದ ನೋಡಿಕೊಳ್ಳುವ ರೂಢಿ, ಬಿಸಿ ನೀರನ್ನು ಮೊಣಕೈಯಿಂದ ಮುಟ್ಟಿ ನೋಡುವುದು, ಇವೂ ಹಾಳೆಯಲ್ಲಿ ಬರಲಿ. ಕೆಲಸ ಬದಲಿಸಬೇಕಾದವರಿಗೆ ಒಂದು ವೈದ್ಯಕೀಯ ಪ್ರಮಾಣಪತ್ರವನ್ನು ಕೇಳುವ ಮೊದಲೇ ಕೊಡೋಣ.

ಹೊಟ್ಟೆಯ ವಿಷಯ ಕೇಳಲು ನಮಗೂ ಸಂಕೋಚ, ಹೇಳಲು ಅವರಿಗೂ ನಾಚಿಕೆ. ಬಲಭಾಗದ ಕರುಳು ತೆಗೆದವರಲ್ಲಿ ಕೆಲವರಿಗೆ ಪಿತ್ತದ ಆಮ್ಲದಿಂದ ಭೇದಿ ಹತ್ತಿಕೊಳ್ಳುತ್ತದೆ, ಅದಕ್ಕೆ ಔಷಧವಿದೆ. ಆದರೂ ಜನ ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟು ಮನೆಯಲ್ಲಿ ಕೂರುತ್ತಾರೆ. ಸಣ್ಣ ಕರುಳಿನ ಕೊನೆಯ ಭಾಗ ಹೆಚ್ಚು ಹೋಗಿದ್ದರೆ ಬಿ12 ನೋಡಬೇಕು. ಮಲ ಹೊರಹೋಗಲು ಹೊಟ್ಟೆಯ ಮೇಲೆ ತಾತ್ಕಾಲಿಕವೆಂದು ಮಾಡಿದ ಸ್ಟೋಮಾ ಮುಚ್ಚುವ ತಿಂಗಳು ಯಾವುದು, ಕೀಮೋಗೆಂದು ಎದೆಯಲ್ಲಿಟ್ಟ ಪೋರ್ಟನ್ನು ತೆಗೆಯುವವರೆಗೆ ಯಾರು ಫ್ಲಶ್ ಮಾಡುತ್ತಾರೆ, ಯಾವಾಗ ತೆಗೆಯುತ್ತಾರೆ ಎಂಬುದಕ್ಕೂ ಉತ್ತರ ಬೇಕು.

2025ರಲ್ಲಿ ಚಾಲೆಂಜ್ ಎಂಬ ಅಧ್ಯಯನದ ಫಲಿತಾಂಶ ಬಂತು. ಮುಖ್ಯವಾಗಿ ಕೆನಡಾ, ಆಸ್ಟ್ರೇಲಿಯಾಗಳ 889 ಜನ, ಎಲ್ಲರೂ ಕರುಳಿನ ಕ್ಯಾನ್ಸರಿಗೆ ಆಪರೇಷನ್ ಮತ್ತು ಕೀಮೋ ಮುಗಿಸಿದವರು. ಅರ್ಧದಷ್ಟು ಜನಕ್ಕೆ ಆರೋಗ್ಯದ ಪುಸ್ತಿಕೆ ಕೊಟ್ಟರು. ಉಳಿದವರಿಗೆ ಮೂರು ವರ್ಷ ವ್ಯಾಯಾಮದ ಮಾರ್ಗದರ್ಶಕರೊಬ್ಬರನ್ನು ಜೊತೆಗೆ ಕೊಟ್ಟರು. ವಾರಕ್ಕೆ ಮೂರು ನಾಲ್ಕು ದಿನ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬಿರುಸಾಗಿ ನಡೆದಷ್ಟು ಶ್ರಮ ಸಾಕಿತ್ತು. ಐದು ವರ್ಷಕ್ಕೆ ರೋಗವಿಲ್ಲದೆ ಉಳಿದವರು ಪುಸ್ತಿಕೆಯ ಗುಂಪಿನಲ್ಲಿ ಶೇ. 73.9, ವ್ಯಾಯಾಮದ ಗುಂಪಿನಲ್ಲಿ ಶೇ. 80.3. ಎಂಟು ವರ್ಷಕ್ಕೆ ಬದುಕಿದ್ದವರು ಶೇ. 83.2 ಮತ್ತು ಶೇ. 90.3. ಔಷಧವೊಂದು ಇಷ್ಟು ಫಲ ಕೊಟ್ಟಿದ್ದರೆ ನಾವು ಎಷ್ಟು ಬೆಲೆಯಾದರೂ ಬರೆಯುತ್ತಿದ್ದೆವು.

ಇಲ್ಲಿ ಗಮನಿಸಬೇಕಾದದ್ದು, ಪುಸ್ತಿಕೆ ಪಡೆದವರಿಗೂ ವ್ಯಾಯಾಮ ಒಳ್ಳೆಯದೆಂದು ಗೊತ್ತಿತ್ತು. ವ್ಯತ್ಯಾಸ ತಂದದ್ದು ‘ಈ ವಾರ ನಡೆದಿರಾ?’ ಎಂದು ಕೇಳುವ ಒಬ್ಬ ಮನುಷ್ಯ. ‘ವಾಕಿಂಗ್ ಮಾಡಿ’ ಎಂದು ಚೀಟಿಯಲ್ಲಿ ಬರೆದು ನಾವು ಕೈತೊಳೆದುಕೊಂಡರೆ ಅದು ಪುಸ್ತಿಕೆ ಕೊಟ್ಟಂತೆಯೇ. ನಮ್ಮ ಆಸ್ಪತ್ರೆಗಳ ಫಿಸಿಯೋಥೆರಪಿ ವಿಭಾಗದವರು ತಿಂಗಳಿಗೊಮ್ಮೆ ಫೋನು ಮಾಡಬಹುದು. ಊರಿನಲ್ಲಿ ಮಗಳೋ ಸೊಸೆಯೋ ಆ ಹೊಣೆ ಹೊರಬಹುದು. ಹೊಲದಲ್ಲಿ ದಿನವಿಡೀ ದುಡಿಯುವವರಿಗೆ ಪಾರ್ಕಿನ ನಡಿಗೆ ಹೇಳಬೇಕಾಗಿಲ್ಲ, ಆದರೆ ಕ್ಯಾನ್ಸರ್ ಎಂದ ಮೇಲೆ ಅಂಥವರನ್ನೂ ಮನೆಯವರು ಮಂಚದ ಮೇಲೆ ಕೂರಿಸಿಬಿಡುತ್ತಾರೆ. ಎಬ್ಬಿಸಿ ಎಂದು ನಾವು ಹೇಳಬೇಕು.

ಇನ್ನು ಮಕ್ಕಳು ಮತ್ತು ಒಡಹುಟ್ಟಿದವರು. ಕರುಳಿನ ಕ್ಯಾನ್ಸರ್ ಬಂದವರ ಗಡ್ಡೆಯಲ್ಲಿ, ವಂಶಪಾರಂಪರ್ಯದ ಸುಳಿವು ಕೊಡುವ ಎಂಎಂಆರ್ ಪರೀಕ್ಷೆ ಆಗಿದೆಯೇ ಎಂದು ಬಯಾಪ್ಸಿ ರಿಪೋರ್ಟಿನಲ್ಲಿ ನೋಡಿ, ಆಗಿರದಿದ್ದರೆ ಲ್ಯಾಬಿನಲ್ಲಿರುವ ಬ್ಲಾಕ್‌ನಿಂದ ಈಗಲೂ ಮಾಡಿಸಬಹುದು. ಲಿಂಚ್ ಸಿಂಡ್ರೋಮ್ ಎಂಬ ವಂಶಪಾರಂಪರ್ಯ ದೋಷ ಖಚಿತವಾದರೆ ಪ್ರತಿ ಮಗುವಿಗೂ ಅದು ಬಂದಿರುವ ಸಂಭವ ಅರ್ಧಕ್ಕರ್ಧ. ಬಂದಿರುವವರಿಗೆ ಸಾಮಾನ್ಯವಾಗಿ 20–25ನೇ ವಯಸ್ಸಿನಿಂದಲೇ ಒಂದೆರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ ಬೇಕು. ಹಾಗಿಲ್ಲದವರ ಮಕ್ಕಳು, ಅಣ್ಣತಮ್ಮ, ಅಕ್ಕತಂಗಿಯರು ನಲವತ್ತಕ್ಕೆ, ಅಥವಾ ರೋಗಿಗೆ ಕಾಯಿಲೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮುಂಚೆ, ಯಾವುದು ಮೊದಲೋ ಆಗ ಮಾಡಿಸಲಿ. ಹೆಣ್ಣುಮಕ್ಕಳ ಮದುವೆಗೆ ತೊಡಕಾದೀತೆಂದು ತಂದೆತಾಯಿ ಇದನ್ನು ಮುಚ್ಚಿಡುತ್ತಾರೆ. ಆ ಅಳುಕನ್ನು ನಾನು ಬಲ್ಲೆ. ಗದರಿಸದೆ, ಬಾಗಿಲು ಮುಚ್ಚಿ, ಸಮಯ ಕೊಟ್ಟು ಮಾತಾಡಬೇಕಾದ ವಿಷಯವಿದು. ಪರೀಕ್ಷೆಯ ಹಿಂದಿನ ವಾರ ನಿದ್ದೆ ಬಾರದವರ ಭಯಕ್ಕೂ ಹೀಗೆಯೇ ಕಿವಿಗೊಡಬೇಕು. ರಿಪೋರ್ಟು ಬಂದ ದಿನವೇ ಫಲಿತಾಂಶ ತಿಳಿಸುವುದು ನಮ್ಮ ಕೈಯಲ್ಲೇ ಇದೆ.

ಇಷ್ಟನ್ನೂ ಕೊನೆಯ ದಿನದ ಗಡಿಬಿಡಿಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಆದ್ದರಿಂದ ಕೊನೆಯದಕ್ಕಿಂತ ಹಿಂದಿನ ಸೈಕಲ್‌ನಲ್ಲಿ, ಡ್ರಿಪ್ ಹನಿಯುತ್ತಿರುವಾಗ, ಮನೆಯವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ನರ್ಸ್ ಮತ್ತು ವೈದ್ಯರು ಸೇರಿ ಈ ಹಾಳೆ ತುಂಬಲಿ ಎಂಬುದು ನನ್ನ ಸಲಹೆ. ರೋಗದ ಹಂತ, ಕೊಟ್ಟ ಔಷಧ, ಐದು ವರ್ಷದ ತಿಂಗಳುವಾರು ಪಟ್ಟಿ, ಯಾವುದು ಎಲ್ಲಿ, ತೊಂದರೆಯಾದರೆ ಯಾವ ನಂಬರಿಗೆ ಫೋನು. ಒಂದು ಪ್ರತಿ ರೋಗಿಗೆ, ಒಂದು ಊರಿನ ಡಾಕ್ಟರಿಗೆ, ಒಂದು ನಮ್ಮ ಫೈಲಿಗೆ. ಮಧ್ಯಾಹ್ನದ ಗೋಷ್ಠಿಯಲ್ಲಿ ಇದರ ಕನ್ನಡ ಕರಡನ್ನು ನಿಮಗೆ ಹಂಚುತ್ತೇವೆ. ಚಿಕಿತ್ಸೆ ಮುಗಿಸಿ ಬಂದಿರುವವರು ಮೊದಲು ಓದಿ, ತಿಳಿಯದ ಸಾಲುಗಳಿಗೆ ಗುರುತು ಹಾಕಿ ಕೊಡಬೇಕೆಂದು ಕೋರುತ್ತೇನೆ. ವೈದ್ಯರ ತಿದ್ದುಪಡಿಗಳನ್ನು ಅದರ ಮೇಲೆ ತೆಗೆದುಕೊಳ್ಳೋಣ.