ಸತ್ತ ಮಂಗ ನೀಡುವ ಎಚ್ಚರಿಕೆ

ಮಲೆನಾಡಿನ ದಂಪತಿಗಳೇ,

ಸೌದೆಗೆಂದೋ ತರಗೆಲೆಗೆಂದೋ ನೀವು ಕಾಡಿಗೆ ಹೋಗುತ್ತೀರಿ. ದಾರಿಯಲ್ಲಿ ಮಂಗವೊಂದು ಸತ್ತು ಬಿದ್ದಿದ್ದರೆ, ಕನಿಕರಪಟ್ಟು ಸುಮ್ಮನೆ ಮುಂದೆ ಸಾಗಬೇಡಿರಿ. ಅದು ನಿಮಗೆ ದೊರೆತ ಎಚ್ಚರಿಕೆ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು. ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ನರಳಿದರು. ಅದೇ ಮಂಗನ ಕಾಯಿಲೆ. ಇದರ ವಿಷಾಣುವನ್ನು ಮನುಷ್ಯನಿಗೆ ಅಂಟಿಸುವುದು ಕಾಡಿನ ಉಣುಗು. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಉದುರಿ ಆ ಜಾಗದಲ್ಲಿ ಹರಡುತ್ತವೆ. ಆದುದರಿಂದ ಸತ್ತ ಮಂಗವನ್ನು ಮುಟ್ಟಬೇಡಿರಿ, ಹೂಳಲೂ ಹೋಗಬೇಡಿರಿ. ಜಾಗದ ಗುರುತಿಟ್ಟುಕೊಂಡು ಅಂದೇ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ. ಬಳಲಿ, ಮರವೇರಲಾರದೆ ಕುಳಿತ ಮಂಗವನ್ನು ಕಂಡಾಗಲೂ ಹೀಗೆಯೇ ಮಾಡಿರಿ.

ಡಿಸೆಂಬರಿನಿಂದ ಮೇ ತಿಂಗಳವರೆಗೆ ಅಪಾಯ ಹೆಚ್ಚು. ಕಾಡಿಗೆ ಹೋಗುವಾಗ ಕೈಕಾಲು ಮುಚ್ಚುವ ಬಟ್ಟೆ ಧರಿಸಿರಿ. ಉಣುಗು ನಿವಾರಕ ತೈಲ ಸವರಿಕೊಳ್ಳಿರಿ. ಮರಳಿದೊಡನೆ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿರಿ, ಬಟ್ಟೆ ಒಗೆಯಿರಿ. ಮರಿ ಉಣುಗು ಎಳ್ಳಿಗಿಂತ ಚಿಕ್ಕದು. ತನ್ನ ಬೆನ್ನು ತನಗೆ ಕಾಣದು. ಪತಿಯ ಬೆನ್ನನ್ನು ಪತ್ನಿ, ಪತ್ನಿಯ ಬೆನ್ನನ್ನು ಪತಿ ಪರೀಕ್ಷಿಸಲಿ. ಮಕ್ಕಳನ್ನೂ ಮರೆಯಬೇಡಿರಿ.

ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಇದ್ದಕ್ಕಿದ್ದಂತೆ ತೀವ್ರ ಜ್ವರ, ತಲೆನೋವು, ಸಹಿಸಲಾಗದ ಮೈಕೈ ನೋವು ಬರಬಹುದು, ವಾಂತಿಯಾಗಬಹುದು, ಮೂಗು, ವಸಡುಗಳಲ್ಲಿ ರಕ್ತ ಕಾಣಬಹುದು. ಈ ಕಾಯಿಲೆಗೆಂದೇ ಮೀಸಲಾದ ಔಷಧಿಯಿಲ್ಲ. ಆದರೆ ಬೇಗ ಆಸ್ಪತ್ರೆ ಸೇರಿ ಆರೈಕೆ ಪಡೆದವರಲ್ಲಿ ಬಹುಮಂದಿ ಗುಣ ಹೊಂದುತ್ತಾರೆ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ರೋಗಿಯನ್ನು ದೂರವಿಡಬೇಡಿರಿ.

ಕೂಲಿ ತಪ್ಪೀತೆಂದು ಜ್ವರವನ್ನು ಮುಚ್ಚಿಡಬೇಡಿರಿ. ಒಂದು ದಿನದ ಕೂಲಿಯನ್ನು ಮತ್ತೆ ಗಳಿಸಬಹುದು. ಹೋದ ಜೀವ ಬಾರದು.